ಜುರಾ ದ್ವೀಪದಲ್ಲಿ ಜಾರ್ಜ್ ಆರ್ವೆಲ್

ಸರ್ವಾಧಿಕಾರದ ಕರಾಳ ಮುಖವನ್ನು ಜಗತ್ತಿಗೆ ತೋರಿಸಿದ '1984' ಕಾದಂಬರಿಯ ಬಹುಭಾಗ ರಚನೆಯಾದದ್ದು ವಿದ್ಯುತ್ತಾಗಲಿ ದೂರವಾಣಿಯಾಗಲಿ ಇಲ್ಲದ ಒಂದು ಒಂಟಿ ತೋಟದ ಮನೆಯಲ್ಲಿ. ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಾಚೆಯ ಜುರಾ ದ್ವೀಪದ ಉತ್ತರ ತುದಿಯಲ್ಲಿರುವ ಆ ಮನೆಯ ಹೆಸರು ಬಾರ್ನ್‌ಹಿಲ್. ಅದರ ಲೇಖಕ ಜಾರ್ಜ್ ಆರ್ವೆಲ್ ತನ್ನ ಬದುಕಿನ ಕೊನೆಯ ವರ್ಷಗಳ ಬಹುಪಾಲನ್ನು ಅಲ್ಲಿಯೇ ಕಳೆದ. ಲಂಡನ್ನಿನ ಖ್ಯಾತ ಪತ್ರಕರ್ತನೊಬ್ಬ, ಅದೂ ಶ್ವಾಸಕೋಶದ ಕಾಯಿಲೆಯಿಂದ ಬಳಲುತ್ತಿದ್ದವನು, ಮಳೆ ಗಾಳಿಗಳ ಆ ತಂಪು ದ್ವೀಪವನ್ನು ಏಕೆ ಆರಿಸಿಕೊಂಡ ಎಂಬುದು ಅವನ ಜೀವನಕಥೆಯ ಕುತೂಹಲಕರ ಅಧ್ಯಾಯ.

ಆರ್ವೆಲ್‌ನ ನಿಜನಾಮ ಎರಿಕ್ ಆರ್ಥರ್ ಬ್ಲೇರ್. ಜನಿಸಿದ್ದು 1903ರ ಜೂನ್ 25ರಂದು, ಇಂದಿನ ಬಿಹಾರದ ಮೋತಿಹಾರಿಯಲ್ಲಿ. ತಂದೆ ಬ್ರಿಟಿಷ್ ಸರ್ಕಾರದ ಅಫೀಮು ಇಲಾಖೆಯ ನೌಕರ. ಮಗು ಒಂದು ವರ್ಷದ್ದಾಗಿದ್ದಾಗಲೇ ತಾಯಿ ಇಂಗ್ಲೆಂಡಿಗೆ ಕರೆದೊಯ್ದಳು. ಈಟನ್‌ನಲ್ಲಿ ವ್ಯಾಸಂಗ ಮುಗಿಸಿದ ಯುವಕ 1922ರಲ್ಲಿ ಬರ್ಮಾದ ಪೊಲೀಸ್ ಸೇವೆಗೆ ಸೇರಿದ. ಐದು ವರ್ಷಗಳ ಅನುಭವ ಅವನಲ್ಲಿ ಸಾಮ್ರಾಜ್ಯಶಾಹಿಯ ಬಗ್ಗೆ ಜಿಗುಪ್ಸೆ ಮೂಡಿಸಿತು. ಹುದ್ದೆ ತೊರೆದು ಪ್ಯಾರಿಸ್, ಲಂಡನ್‌ಗಳ ಬಡವರ ನಡುವೆ ಬದುಕಿದ. 1933ರಲ್ಲಿ ಆ ಅನುಭವಗಳ ಪುಸ್ತಕ ಹೊರಬಂದಾಗ ಜಾರ್ಜ್ ಆರ್ವೆಲ್ ಎಂಬ ಕಾವ್ಯನಾಮ ಧರಿಸಿದ.

ಸ್ಪೇನ್ ಅಂತರ್ಯುದ್ಧದಲ್ಲಿ ಹೋರಾಡಿ, 1937ರ ಮೇ ತಿಂಗಳಲ್ಲಿ ಗಂಟಲಿಗೆ ಗುಂಡೇಟು ತಿಂದು ಬದುಕುಳಿದ. ಎರಡನೇ ಮಹಾಯುದ್ಧದ ಕಾಲದಲ್ಲಿ, 1941ರಿಂದ 1943ರವರೆಗೆ ಬಿಬಿಸಿಯಲ್ಲಿ ಭಾರತದ ಶ್ರೋತೃಗಳಿಗಾಗಿ ಕಾರ್ಯಕ್ರಮ ಸಿದ್ಧಪಡಿಸಿದ. ಮುಲ್ಕ್ ರಾಜ್ ಆನಂದ್ ಅಲ್ಲಿ ಅವನ ಸಹೋದ್ಯೋಗಿ, ಸ್ನೇಹಿತ.

ದ್ವೀಪದ ಹಂಬಲ

ಹೆಬ್ರಿಡೀಸ್ ದ್ವೀಪಗಳಲ್ಲೊಂದರಲ್ಲಿ ನೆಲೆಸಬೇಕೆಂಬ ಆಸೆಯನ್ನು ಆರ್ವೆಲ್ 1940ರಷ್ಟು ಹಿಂದೆಯೇ ದಿನಚರಿಯಲ್ಲಿ ದಾಖಲಿಸಿದ್ದ. ಬಾಂಬು ದಾಳಿ, ಪಡಿತರದ ಸಾಲು, ಹೊಗೆ ಮುಸುಕಿದ ಬೀದಿ, ಬಿಡುವಿಲ್ಲದ ಅಂಕಣ ಬರಹ ಇವೆಲ್ಲ ಅವನನ್ನು ಹಣ್ಣಾಗಿಸಿದ್ದವು. ಸ್ನೇಹಿತ ಡೇವಿಡ್ ಆಸ್ಟರ್‌ನ ಕುಟುಂಬಕ್ಕೆ ಜುರಾದಲ್ಲಿ ಆಸ್ತಿಯಿತ್ತು. ಆ ದ್ವೀಪವನ್ನು ಸೂಚಿಸಿದವನು ಅವನೇ. ಪತ್ನಿ ಐಲೀನ್ ಕೂಡ ಈ ಯೋಜನೆಯಲ್ಲಿ ಭಾಗಿಯಾಗಿದ್ದಳು. ದಂಪತಿ 1944ರಲ್ಲಿ ದತ್ತು ಪಡೆದ ಮಗು ರಿಚರ್ಡ್‌ಗೆ ಶುದ್ಧ ಗಾಳಿಯ ಬಾಲ್ಯ ದೊರಕಲಿ ಎಂಬುದು ಇಬ್ಬರ ಇಚ್ಛೆ.

ಆದರೆ 1945ರ ಮಾರ್ಚ್ 29ರಂದು ಶಸ್ತ್ರಚಿಕಿತ್ಸೆಯ ವೇಳೆ ಐಲೀನ್ ತೀರಿಕೊಂಡಳು. ಆಗ ಆರ್ವೆಲ್ ಯುದ್ಧ ವರದಿಗಾರನಾಗಿ ಯುರೋಪಿನಲ್ಲಿದ್ದ. ಮಗುವಿಗೆ ಹತ್ತು ತಿಂಗಳು. ಮಗುವನ್ನು ಬೇರೆಯವರಿಗೆ ಒಪ್ಪಿಸುವ ಸಲಹೆಯನ್ನು ಆತ ಒಪ್ಪಲಿಲ್ಲ. ಅದೇ ವರ್ಷದ ಆಗಸ್ಟ್‌ನಲ್ಲಿ 'ಅನಿಮಲ್ ಫಾರ್ಮ್' ಪ್ರಕಟವಾಗಿ ಹಣ, ಕೀರ್ತಿಗಳೆರಡನ್ನೂ ತಂದಿತು. ಕೀರ್ತಿಯ ಬೆನ್ನಿಗೇ ಲೇಖನ, ಭಾಷಣಗಳ ಬೇಡಿಕೆಯೂ ಏರಿತು. ಇನ್ನೊಂದು ಕಾದಂಬರಿ ಬರೆಯಲು ಲಂಡನ್ ಬಿಡುವುದು ಅನಿವಾರ್ಯವಾಯಿತು. 1946ರ ಆರಂಭದಲ್ಲಿ ಕೆಮ್ಮಿನೊಂದಿಗೆ ರಕ್ತ ಕಾಣಿಸಿಕೊಂಡರೂ ಅದನ್ನು ಮುಚ್ಚಿಟ್ಟು, ಮೇ ತಿಂಗಳಲ್ಲಿ ಆತ ಜುರಾಕ್ಕೆ ಹೊರಟ.

ಜುರಾದ ವಿಸ್ತೀರ್ಣ ಸುಮಾರು 367 ಚದರ ಕಿ.ಮೀ. ನಿವಾಸಿಗಳು ಕೆಲವೇ ನೂರು ಮಂದಿ, ಕೆಂಜಿಂಕೆಗಳು ಸಾವಿರಾರು. ಲಂಡನ್ನಿನಿಂದ ರೈಲು, ಬಸ್ಸು, ಹಡಗು ಬದಲಿಸುತ್ತ ತಲುಪಲು ಸುಮಾರು ಎರಡು ದಿನ ಬೇಕಿತ್ತು. ಬಾರ್ನ್‌ಹಿಲ್‌ನಿಂದ ಅಂಗಡಿಯಿದ್ದ ಕ್ರೇಗ್‌ಹೌಸ್ ಹಳ್ಳಿಗೆ ಸುಮಾರು 40 ಕಿ.ಮೀ. ಕೊನೆಯ ಹಾದಿಯಂತೂ ಕೆಸರು, ಕಲ್ಲುಗಳ ಕಚ್ಚಾ ದಾರಿ. ಆರ್ವೆಲ್‌ನ ಹಳೆಯ ಮೋಟಾರ್ ಸೈಕಲ್ ಅಲ್ಲಿ ಪದೇ ಪದೇ ಕೈಕೊಡುತ್ತಿತ್ತು.

ಅಟ್ಲಾಂಟಿಕ್ ಸಾಗರದ ಬೆಚ್ಚನೆಯ ಪ್ರವಾಹದ ಕಾರಣ ಅಲ್ಲಿ ಚಳಿಗಾಲ ತೀರಾ ಕಠೋರವಲ್ಲ, ಬೇಸಿಗೆಯೂ ತಂಪು. ಮಳೆ ಯಥೇಚ್ಛ. ಜೂನ್‌ನಲ್ಲಿ ರಾತ್ರಿ ಹತ್ತು ಗಂಟೆ ಕಳೆದರೂ ಬೆಳಕು ಮಾಸುವುದಿಲ್ಲ. ಸೀಮೆಎಣ್ಣೆ ದೀಪದ ಆ ಮನೆಯಲ್ಲಿ ಆರ್ವೆಲ್ ತರಕಾರಿ ಬೆಳೆದ, ಹಣ್ಣಿನ ಗಿಡ ನೆಟ್ಟ, ಕೋಳಿ ಸಾಕಿದ, ಕಡಲಲ್ಲಿ ಮೀನು ಹಿಡಿದ. ಕೋಳಿಗಳು ಇಟ್ಟ ಮೊಟ್ಟೆಗಳ ಲೆಕ್ಕವನ್ನೂ ದಿನಚರಿಯಲ್ಲಿ ಬರೆದಿಟ್ಟ. ನಗರದಲ್ಲಿ ಬ್ರೆಡ್ಡಿಗೂ ಪಡಿತರವಿದ್ದ ಕಾಲದಲ್ಲಿ ಇಲ್ಲಿ ತಾಜಾ ಮೀನು, ಮೊಟ್ಟೆಗಳಿಗೆ ಬರವಿರಲಿಲ್ಲ. ತಂಗಿ ಏವ್ರಿಲ್ ಮನೆಯ ಹೊಣೆ ಹೊತ್ತಳು. ಯುದ್ಧದಲ್ಲಿ ಕಾಲು ಕಳೆದುಕೊಂಡಿದ್ದ ಬಿಲ್ ಡನ್ ಬೇಸಾಯ ನೋಡಿಕೊಳ್ಳಲು ಬಂದ. ಮುಂದೆ 1951ರಲ್ಲಿ ಇವರಿಬ್ಬರೂ ವಿವಾಹವಾದರು.

ಸುಳಿಯಿಂದ ಪಾರು

ಜುರಾದ ಉತ್ತರಕ್ಕೆ, ಸ್ಕಾರ್ಬಾ ದ್ವೀಪದ ನಡುವೆ ಕೊರಿವ್ರೆಕನ್ ಎಂಬ ಭಯಾನಕ ಕಡಲಸುಳಿಯಿದೆ. 1947ರ ಆಗಸ್ಟ್‌ನಲ್ಲಿ ಪಶ್ಚಿಮ ತೀರದಿಂದ ಪುಟ್ಟ ದೋಣಿಯಲ್ಲಿ ಹಿಂತಿರುಗುವಾಗ ಆರ್ವೆಲ್ ಉಬ್ಬರವಿಳಿತದ ವೇಳೆಯನ್ನು ತಪ್ಪಾಗಿ ಲೆಕ್ಕಹಾಕಿದ. ಜೊತೆಗೆ ಮೂರು ವರ್ಷದ ರಿಚರ್ಡ್ ಹಾಗೂ ಅಕ್ಕನ ಮಕ್ಕಳಿಬ್ಬರಿದ್ದರು. ಸುಳಿಯ ಸೆಳೆತಕ್ಕೆ ಎಂಜಿನ್ ಕಳಚಿ ನೀರುಪಾಲಾಯಿತು. ಹುಟ್ಟು ಹಾಕಿ ಬಂಡೆಯ ನಡುಗಡ್ಡೆಯೊಂದನ್ನು ಸಮೀಪಿಸಿದಾಗ ದೋಣಿ ಮಗುಚಿತು. ಅಡಿಯಲ್ಲಿ ಸಿಲುಕಿದ ಮಗುವನ್ನು ಆರ್ವೆಲ್ ಹೊರಗೆಳೆದ. ಕೆಲವು ಗಂಟೆಗಳ ಬಳಿಕ ಸಿಗಡಿ ಹಿಡಿಯಲು ಬಂದ ಬೆಸ್ತರು ಎಲ್ಲರನ್ನೂ ರಕ್ಷಿಸಿದರು.

ಆ ಶರತ್ಕಾಲದಲ್ಲಿ ಕಾದಂಬರಿಯ ಮೊದಲ ಕರಡು ಮುಗಿಯುವ ವೇಳೆಗೆ ಆರ್ವೆಲ್ ಹಾಸಿಗೆ ಹಿಡಿದಿದ್ದ. ಡಿಸೆಂಬರ್‌ನಲ್ಲಿ ಗ್ಲಾಸ್ಗೋ ಸಮೀಪದ ಹೇರ್‌ಮೈರ್ಸ್ ಆಸ್ಪತ್ರೆಗೆ ಸೇರಿಸಲಾಯಿತು. ಕ್ಷಯರೋಗ ದೃಢಪಟ್ಟಿತು. ಬ್ರಿಟನ್ನಿನಲ್ಲಿ ಇನ್ನೂ ಸುಲಭವಾಗಿ ದೊರೆಯದ ಸ್ಟ್ರೆಪ್ಟೊಮೈಸಿನ್ ಔಷಧವನ್ನು ಆಸ್ಟರ್ ನೆರವಿನಿಂದ ಅಮೆರಿಕದಿಂದ ತರಿಸಲಾಯಿತು. ಔಷಧ ಆರಂಭದಲ್ಲಿ ಫಲ ನೀಡಿದರೂ ಚರ್ಮ, ಬಾಯಿ, ಉಗುರುಗಳ ಮೇಲೆ ತೀವ್ರ ಅಡ್ಡಪರಿಣಾಮ ಉಂಟಾಗಿ ಚಿಕಿತ್ಸೆ ನಿಲ್ಲಿಸಬೇಕಾಯಿತು.

1948ರ ಜುಲೈನಲ್ಲಿ ಆರ್ವೆಲ್ ಮತ್ತೆ ಬಾರ್ನ್‌ಹಿಲ್ ಸೇರಿದ. ತಿದ್ದುಪಡಿಗಳಿಂದ ತುಂಬಿದ ಹಸ್ತಪ್ರತಿಯನ್ನು ಬೇರೊಬ್ಬರು ಓದುವುದೇ ಕಷ್ಟವಾಗಿತ್ತು. ಅಷ್ಟು ದೂರ ಬರಲು ಸಿದ್ಧರಿರುವ ಬೆರಳಚ್ಚುಗಾರರು ಸಿಗಲಿಲ್ಲ. ಜ್ವರ, ಕೆಮ್ಮುಗಳ ನಡುವೆ ಆತನೇ ಬಹುಮಟ್ಟಿಗೆ ಹಾಸಿಗೆಯಲ್ಲೇ ಕುಳಿತು ಇಡೀ ಕಾದಂಬರಿಯನ್ನು ಟೈಪ್ ಮಾಡಿದ. ಡಿಸೆಂಬರ್ ಆರಂಭದಲ್ಲಿ ಕೆಲಸ ಪೂರ್ಣಗೊಂಡಿತು. ಮಾರನೆಯ ತಿಂಗಳು ಜುರಾ ಬಿಟ್ಟವನು ಮತ್ತೆ ಮರಳಲಿಲ್ಲ. ಗಾಂಧೀಜಿಯ ಕುರಿತು ಆತ ಬರೆದ ಪ್ರಸಿದ್ಧ ಪ್ರಬಂಧ ಅಮೆರಿಕದ 'ಪಾರ್ಟಿಸನ್ ರಿವ್ಯೂ' ಪತ್ರಿಕೆಯಲ್ಲಿ ಬೆಳಕು ಕಂಡದ್ದೂ ಅದೇ 1949ರ ಜನವರಿಯಲ್ಲಿ.

ಜುರಾವೇ ಅವನನ್ನು ಬಲಿ ತೆಗೆದುಕೊಂಡಿತೇ? ಅವನ ಜೀವನಚರಿತ್ರೆಯನ್ನು ಓದುವವರು ಇಂದಿಗೂ ಕೇಳುವ ಪ್ರಶ್ನೆಯಿದು. ಆಸ್ಪತ್ರೆಯಿಂದ ದೂರವಿದ್ದ ತೇವದ ಮನೆ, ಮೈಮುರಿಯುವ ದುಡಿಮೆ, ಬಿಡದ ಧೂಮಪಾನ ಇವು ರೋಗವನ್ನು ಉಲ್ಬಣಿಸಿದ್ದನ್ನು ಅಲ್ಲಗಳೆಯಲಾಗದು. ಆದರೆ ಅವನ ಶ್ವಾಸಕೋಶ ಬಾಲ್ಯದಿಂದಲೂ ದುರ್ಬಲ. 1938ರಲ್ಲೇ ರಕ್ತ ಕಾರಿ ಹಲವು ತಿಂಗಳು ಆರೋಗ್ಯಧಾಮದಲ್ಲಿದ್ದವನು. ಹೊಗೆ ತುಂಬಿದ ಲಂಡನ್ ಅವನನ್ನು ಉಳಿಸುತ್ತಿತ್ತು ಎನ್ನಲು ಆಧಾರವಿಲ್ಲ. ದ್ವೀಪ ಅವನಿಗೆ ಎರಡು ವಸ್ತುಗಳನ್ನು ಕೊಟ್ಟಿತು: ಬರೆಯಲು ಏಕಾಂತ, ಮಗನೊಂದಿಗೆ ಕಳೆಯಲು ಕೆಲವು ಬೇಸಿಗೆಗಳು. ಅದಕ್ಕೆ ತೆರಬೇಕಾದ ಬೆಲೆಯ ಸುಳಿವು ಅವನಿಗಿತ್ತು. ಆದರೂ ಕಾದಂಬರಿ ಮುಗಿಯುವವರೆಗೆ ಜಾಗ ಬಿಟ್ಟು ಕದಲಲಿಲ್ಲ.

'1984' ಕಾದಂಬರಿ 1949ರ ಜೂನ್ 8ರಂದು ಪ್ರಕಟವಾಯಿತು. ಅಕ್ಟೋಬರ್‌ನಲ್ಲಿ ಲಂಡನ್ನಿನ ಆಸ್ಪತ್ರೆಯ ಹಾಸಿಗೆಯಲ್ಲೇ ಆರ್ವೆಲ್ ಸೋನಿಯಾ ಬ್ರೌನೆಲ್‌ಳನ್ನು ವಿವಾಹವಾದ. 1950ರ ಜನವರಿ 21ರಂದು ಕೊನೆಯುಸಿರೆಳೆದಾಗ ವಯಸ್ಸು 46. ಚಿಕಿತ್ಸೆಗಾಗಿ ಸ್ವಿಟ್ಜರ್ಲೆಂಡಿಗೆ ಹೊರಡುವ ಸಿದ್ಧತೆ ನಡೆದಿತ್ತು. ಅಲ್ಲಿ ಬಳಸಲೆಂದು ತರಿಸಿಟ್ಟಿದ್ದ ಮೀನಿನ ಗಾಳದ ಕೋಲು ಆಸ್ಪತ್ರೆಯ ಕೋಣೆಯಲ್ಲೇ ಉಳಿಯಿತು. ಇಂಗ್ಲೆಂಡಿನ ಸಟನ್ ಕೋರ್ಟ್ನಿ ಗ್ರಾಮದ ಚರ್ಚಿನ ಆವರಣದಲ್ಲಿರುವ ಸಮಾಧಿಯ ಮೇಲೆ ಎರಿಕ್ ಆರ್ಥರ್ ಬ್ಲೇರ್ ಎಂಬ ಹೆಸರಷ್ಟೇ ಇದೆ. ರಿಚರ್ಡ್ ಅತ್ತೆ ಏವ್ರಿಲ್ ಮತ್ತು ಬಿಲ್ ಡನ್ ಅವರ ಆಸರೆಯಲ್ಲಿ ಬೆಳೆದ.

ಬಾರ್ನ್‌ಹಿಲ್ ಮನೆ ಇಂದಿಗೂ ನಿಂತಿದೆ. ಆರ್ವೆಲ್‌ನ ಓದುಗರು ದೇಶವಿದೇಶಗಳಿಂದ ಅದನ್ನು ಅರಸಿಕೊಂಡು ಬರುತ್ತಾರೆ. ಡಾಂಬರು ರಸ್ತೆ ಈಗಲೂ ಅಲ್ಲಿಯವರೆಗೆ ಹೋಗುವುದಿಲ್ಲ. ಕೊನೆಯ ಕೆಲವು ಮೈಲಿಗಳನ್ನು ಜಿಂಕೆಗಳ ನಡುವೆ ನಡೆದೇ ಸಾಗಬೇಕು.