ಲೂಸಿ ವಿಲ್ಸ್ ಮತ್ತು ಬಸುರಿಯರ ಗುಳಿಗೆ

ಬಸುರಿಯರು ನುಂಗುವ ಫೋಲಿಕ್ ಆ್ಯಸಿಡ್ ಗುಳಿಗೆಯ ಮೂಲ ಹುಡುಕಿದರೆ ಸಿಗುವವರು ಲೂಸಿ ವಿಲ್ಸ್. 1888ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಈ ವೈದ್ಯೆ 1928ರಲ್ಲಿ ಮುಂಬಯಿಗೆ ಬಂದರು. ಬಟ್ಟೆ ಗಿರಣಿಗಳ ಬಡ ಬಸುರಿಯರನ್ನು ಅಲ್ಲಿ ತೀವ್ರ ರಕ್ತಹೀನತೆ ಬಲಿ ತೆಗೆದುಕೊಳ್ಳುತ್ತಿತ್ತು. ವಿಲ್ಸ್ ಆ ಹೆಂಗಸರ ಊಟವನ್ನೇ ಪರಿಶೀಲಿಸಿದರು. ನಮ್ಮ ಐಟಿ ಭಾಷೆಯಲ್ಲಿ, ರೂಟ್ ಕಾಸ್! ಮಂಗಗಳ ಮೇಲೂ ಪ್ರಯೋಗಿಸಿ, ಮಾರ್ಮೈಟ್ ಎಂಬ ಅಗ್ಗದ ಯೀಸ್ಟ್ ಸಾರದಿಂದಲೇ ಗುಣವಾಗುತ್ತದೆಂದು 1931ರಲ್ಲಿ ತೋರಿಸಿದರು. ನಡುವೆ ಕೂನೂರಿನಲ್ಲೂ ದುಡಿದರು; ಅಲ್ಲಿನ ಪೋಷಣಾ ಪ್ರಯೋಗಾಲಯವೇ 1958ರಲ್ಲಿ ಹೈದರಾಬಾದಿಗೆ ಬಂದದ್ದು, ಈಗ ನಮ್ಮ ತಾರ್ನಾಕದ ಎನ್‌ಐಎನ್. ಆ ಸಾರದಲ್ಲಿದ್ದದ್ದು ಫೋಲಿಕ್ ಆ್ಯಸಿಡ್. ಮೊದಲ ನಾಲ್ಕು ವಾರದಲ್ಲೇ ಭ್ರೂಣದ ಬೆನ್ನುಹುರಿಯ ನಾಳ ಮುಚ್ಚಿಕೊಳ್ಳಲು ಅದು ಬೇಕು, ಹಾಗಾಗಿ ಗುಳಿಗೆ ಬಸಿರಿಗೆ ಮುಂಚೆಯೇ ಶುರುವಾಗಬೇಕು. ಇದು ಸಾಬೀತಾದದ್ದು 1991ರಲ್ಲಿ; ಅಷ್ಟರಲ್ಲಿ ವಿಲ್ಸ್ ತೀರಿಕೊಂಡು 27 ವರ್ಷ.