ಮೇಣದಬತ್ತಿ ಹಬ್ಬದ ಮುನ್ನಾದಿನದ ಸಂತ ಬ್ರಿಜಿಡ್

ಐರ್ಲೆಂಡಿನ ಕಥೋಲಿಕ ಕುಟುಂಬಗಳು ಕ್ರಿಸ್‌ಮಸ್ ಕಾಲವನ್ನು ಒಂದೇ ದಿನದಲ್ಲಿ ಬೀಳ್ಕೊಡುವುದಿಲ್ಲ. ಜನವರಿ 6ರ ಮೂರು ರಾಯರ ಹಬ್ಬಕ್ಕೆ ಅಲ್ಲಿ ಹೆಂಗಸರ ಕ್ರಿಸ್‌ಮಸ್ ಎಂಬ ಹೆಸರುಂಟು; ಹಬ್ಬದುದ್ದಕ್ಕೂ ದುಡಿದ ಗೃಹಿಣಿಯರಿಗೆ ಅಂದು ವಿಶ್ರಾಂತಿ, ಮನೆಗೆಲಸ ಗಂಡಸರ ಪಾಲು. ಕಾರ್ಕ್ ಮತ್ತು ಕೆರಿ ಸೀಮೆಗಳಲ್ಲಿ ಈ ವಾಡಿಕೆ ಬಲವಾಗಿದೆ. ಆದರೆ ಹಳೆಯ ಲೆಕ್ಕದಲ್ಲಿ ಕ್ರಿಸ್‌ಮಸ್ ಕಾಲ ಮುಗಿಯುವುದು ನಲವತ್ತನೆಯ ದಿನ, ಫೆಬ್ರವರಿ 2ರಂದು, ಬಾಲಯೇಸುವನ್ನು ದೇವಾಲಯದಲ್ಲಿ ಅರ್ಪಿಸಿದ ಮೇಣದಬತ್ತಿ ಹಬ್ಬಕ್ಕೆ. ಅದರ ಮುನ್ನಾದಿನವೇ ಸಂತ ಬ್ರಿಜಿಡಳ ಹಬ್ಬ.

ಇದಕ್ಕೆ ಜನರು ಹೇಳುವ ಕಾರಣ ಸೊಗಸಾಗಿದೆ. ಮಗುವನ್ನೆತ್ತಿ ಬಂದ ಮರಿಯಮ್ಮನವರು ಜನಸಂದಣಿಯನ್ನು ಕಂಡು ಸಂಕೋಚಪಟ್ಟರಂತೆ. ಉರಿಯುವ ಮೇಣದಬತ್ತಿಗಳ ಕಿರೀಟ ತೊಟ್ಟ ಬ್ರಿಜಿಡ್ ಎಲ್ಲರ ಕಣ್ಣನ್ನೂ ತನ್ನತ್ತ ಸೆಳೆದು ದಾರಿ ಮಾಡಿಕೊಟ್ಟಳಂತೆ. ಮಾತೆಯು ಆ ಉಪಕಾರಕ್ಕಾಗಿ ತನ್ನ ಹಬ್ಬಕ್ಕಿಂತ ಮೊದಲಿನ ದಿನವನ್ನು ಆಕೆಗೆ ಕೊಟ್ಟರು. ಬ್ರಿಜಿಡ್ ಹುಟ್ಟಿದ್ದು ನಾಲ್ಕೂವರೆ ಶತಮಾನಗಳ ನಂತರ ಎಂಬುದು ಐರಿಷರ ಪ್ರೀತಿಗೆ ಅಡ್ಡಿಯಾಗಿಲ್ಲ!

ಸಂಪ್ರದಾಯದ ಪ್ರಕಾರ ಆಕೆಯ ಜನ್ಮಸ್ಥಳ ಲೌತ್ ಸೀಮೆಯ ಫೌಹರ್ಟ್. ತಂದೆ ಡುಬ್ತಾಕ್ ಪಾಳೆಯಗಾರ. ತಾಯಿ ಬ್ರೋಕಾ ಅವನ ಮನೆಯ ದಾಸಿ. ದಾಸಿಯ ಮಗಳಿಗೂ ದಾಸ್ಯವೇ ಗತಿಯಾಗಿದ್ದ ಕಾಲವದು. ಹಸು ಕಾಯುತ್ತ, ಬೆಣ್ಣೆ ಕಡೆಯುತ್ತ ಬೆಳೆದ ಬಾಲೆ ಮನೆಯ ಹಾಲು ಬೆಣ್ಣೆಗಳನ್ನು ಬಡವರಿಗೆ ಕೊಟ್ಟುಬಿಡುತ್ತಿದ್ದಳು. ಬೇಸತ್ತ ತಂದೆ ಆಕೆಯನ್ನು ರಾಜನಿಗೆ ಮಾರಲು ಕರೆದೊಯ್ದನು. ಅವನು ಒಳಗೆ ವ್ಯವಹಾರ ಮಾತನಾಡುತ್ತಿದ್ದಾಗ, ಹೊರಗಿದ್ದ ಬ್ರಿಜಿಡ್ ಬೇಡಿ ಬಂದ ಕುಷ್ಠರೋಗಿಗೆ ತಂದೆಯ ರತ್ನಖಚಿತ ಖಡ್ಗವನ್ನೇ ಕೊಟ್ಟುಬಿಟ್ಟಳು. ತಾನೇ ಮಾರಾಟದ ಸರಕಾಗಿದ್ದ ಹೆಣ್ಣೊಬ್ಬಳು ಮಾಡಿದ ದಾನವಿದು ಎಂಬುದನ್ನು ನಾವು ಮರೆಯಲಾಗದು. ರಾಜನು ಅದನ್ನರಿತು ಆಕೆಗೆ ಬಿಡುಗಡೆ ಕೊಡಿಸಿದನು.

ಮುಂದೆ ಆಕೆ ಓಕ್ ಮರದ ದೇವಾಲಯವೆಂಬ ಅರ್ಥದ ಕಿಲ್ಡೇರ್‌ನಲ್ಲಿ ಮಠ ಸ್ಥಾಪಿಸಿದಳು. ಸ್ತ್ರೀಯರೂ ಪುರುಷರೂ ಪ್ರತ್ಯೇಕವಾಗಿ ನೆಲೆಸಿದ್ದ ಆ ಮಠಕ್ಕೆ ಕೊನ್ಲೆತ್ ಎಂಬ ಧರ್ಮಾಧ್ಯಕ್ಷರನ್ನು ಬರಮಾಡಿಕೊಂಡಳು. 524ರ ಸುಮಾರಿಗೆ ತೀರಿಕೊಂಡಳು. ಅದೇ ಹೆಸರಿನ ಪ್ರಾಚೀನ ದೇವತೆಯೊಬ್ಬಳಿದ್ದುದರಿಂದ ಈ ಸಂತಳೇ ಕಲ್ಪನೆಯೆನ್ನುವ ವಿದ್ವಾಂಸರಿದ್ದಾರೆ. ಏಳನೆಯ ಶತಮಾನದಲ್ಲೇ ಕೊಗಿಟೋಸಸ್ ಆಕೆಯ ಚರಿತ್ರೆಯನ್ನು ಬರೆದಿರುವಾಗ ನಮಗೆ ಈ ವಾದ ಅತಿಯೆನಿಸುತ್ತದೆ.

ಕಿಲ್ಡೇರ್‌ನಲ್ಲಿ ಕನ್ಯಾಸ್ತ್ರೀಯರು ಸರದಿಯಂತೆ ಕಾಯುತ್ತಿದ್ದ ಅಗ್ನಿ ಹದಿನಾರನೆಯ ಶತಮಾನದಲ್ಲಿ ಮಠಗಳ ನಾಶದೊಂದಿಗೆ ಆರಿತು. 1993ರಲ್ಲಿ ಬ್ರಿಜಿಡೈನ್ ಸಭೆಯ ಕನ್ಯಾಸ್ತ್ರೀಯರು ಅದನ್ನು ಮತ್ತೆ ಹೊತ್ತಿಸಿದರು. 2023ರಿಂದ ಆಕೆಯ ಹಬ್ಬಕ್ಕೆ ಐರ್ಲೆಂಡಿನಲ್ಲಿ ಸಾರ್ವಜನಿಕ ರಜೆಯೂ ಉಂಟು.

ಜನವರಿ 31ರ ಸಂಜೆ ಮನೆಮಂದಿ ಜೊಂಡುಹುಲ್ಲಿನ ಶಿಲುಬೆ ಹೆಣೆದು ಬಾಗಿಲ ಮೇಲೆ ಸಿಕ್ಕಿಸುತ್ತಾರೆ. ಸಾಯುತ್ತಿದ್ದ ಅಕ್ರೈಸ್ತ ನಾಯಕನೊಬ್ಬನಿಗೆ ನೆಲಕ್ಕೆ ಹಾಸಿದ್ದ ಜೊಂಡಿನಿಂದಲೇ ಶಿಲುಬೆ ಹೆಣೆದು ಬ್ರಿಜಿಡ್ ಕ್ರಿಸ್ತರನ್ನು ತಿಳಿಸಿದಳೆಂಬುದು ಅದರ ಹಿನ್ನೆಲೆ. ಬಟ್ಟೆಯ ತುಂಡೊಂದನ್ನು ರಾತ್ರಿಯಿಡೀ ಹೊರಗಿಡುತ್ತಾರೆ. ಸಂತಳು ಹಾದುಹೋಗುವಾಗ ಅದನ್ನು ಮುಟ್ಟುವಳೆಂಬ ನಂಬಿಕೆ. ತಲೆನೋವು ಬಂದಾಗ ಅದನ್ನೇ ಹಣೆಗೆ ಸುತ್ತಿಕೊಳ್ಳುತ್ತಾರೆ. ಫೆಬ್ರವರಿ 2ರಂದು ದೇವಾಲಯದಲ್ಲಿ ಮೇಣದಬತ್ತಿಗಳ ಆಶೀರ್ವಾದ ನಡೆಯುತ್ತದೆ.