ರಾಯಕೋಟೆಯ ಬೆಟ್ಟವನ್ನು ಚಿತ್ರದಲ್ಲಿ ಉಳಿಸಿದ ಕ್ಯಾಪ್ಟನ್ ಟ್ರೈಪ್

ನಮ್ಮ ಸೂಳಗಿರಿಯ ದಕ್ಷಿಣಕ್ಕೆ ರಾಯಕೋಟೆಯ ಬೆಟ್ಟವಿದೆ. ಅದರ ಬಂಡೆಗಳನ್ನೂ ಪಾಳುಬಿದ್ದ ಕೋಟೆಯ ಗೋಡೆಗಳನ್ನೂ ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಕಂಡಿರಬಹುದು. 1791ರಲ್ಲಿ, ಮೂರನೆಯ ಮೈಸೂರು ಯುದ್ಧದ ಕಾಲದಲ್ಲಿ, ಈ ಕೋಟೆ ಟಿಪ್ಪು ಸುಲ್ತಾನನ ಕೈತಪ್ಪಿ ಇಂಗ್ಲಿಷರ ವಶವಾಯಿತು. ಅದಾಗಿ ಸುಮಾರು 66 ವರ್ಷಗಳ ಮೇಲೆ ಒಬ್ಬ ಸೇನಾಧಿಕಾರಿ ಬಂದೂಕಿನ ಬದಲು ಕ್ಯಾಮರಾ ಹೊತ್ತು ಇಲ್ಲಿಗೆ ಬಂದರು. ಅವರೇ ಕ್ಯಾಪ್ಟನ್ ಲಿನೇಯಸ್ ಟ್ರೈಪ್.

ಟ್ರೈಪ್ ಅವರು 1822ರ ಏಪ್ರಿಲ್ 14ರಂದು ಇಂಗ್ಲೆಂಡಿನ ಡೆವನ್‌ಪೋರ್ಟ್ ಎಂಬ ಬಂದರು ಪಟ್ಟಣದಲ್ಲಿ ಜನಿಸಿದರು. 1838ರಲ್ಲಿ, ಇನ್ನೂ ಹದಿಹರೆಯದಲ್ಲಿರುವಾಗಲೇ, ಈಸ್ಟ್ ಇಂಡಿಯಾ ಕಂಪನಿಯ ಮದರಾಸು ಸೈನ್ಯವನ್ನು ಸೇರಿದರು. ಮುಂದೆ ರಜೆಯ ಮೇಲೆ ಸ್ವದೇಶಕ್ಕೆ ಹೋಗಿದ್ದಾಗ, ಆಗಷ್ಟೇ ಬೆಳೆಯುತ್ತಿದ್ದ ಛಾಯಾಚಿತ್ರ ಕಲೆ ಅವರ ಮನಸ್ಸನ್ನು ಸೆಳೆಯಿತು. ಊರಿನ ಬಂದರಿನಲ್ಲಿ ನಿಂತ ಹಡಗುಗಳನ್ನು ಚಿತ್ರಿಸುತ್ತ ಆ ವಿದ್ಯೆಯನ್ನು ಕಲಿತರು.

1854ರಲ್ಲಿ ಅವರು ಬೆಂಗಳೂರಿಗೆ ಮರಳಿದರು. ಅದೇ ವರ್ಷದ ಕೊನೆಯಲ್ಲಿ ಬೇಲೂರು, ಹಳೇಬೀಡುಗಳಿಗೆ ಹೋಗಿ ಹೊಯ್ಸಳರ ದೇವಾಲಯಗಳ ಚಿತ್ರಗಳನ್ನು ತೆಗೆದರು. 1855ರ ಮದರಾಸು ವಸ್ತುಪ್ರದರ್ಶನದಲ್ಲಿ ಈ ಚಿತ್ರಗಳು ಬಹಳ ಮೆಚ್ಚುಗೆ ಪಡೆದವು. ಅದೇ ವರ್ಷ ಬರ್ಮಾದ ರಾಜನ ಬಳಿಗೆ ಹೋದ ರಾಯಭಾರದ ಜೊತೆ ಅವರನ್ನೂ ಕಳುಹಿಸಲಾಯಿತು. ಅಲ್ಲಿ ಇನ್ನೂರಕ್ಕೂ ಹೆಚ್ಚು ಚಿತ್ರಗಳನ್ನು ತೆಗೆದರು. ಅಮರಪುರದ ಉದ್ದವಾದ ಮರದ ಸೇತುವೆಯೂ ಅವುಗಳಲ್ಲಿ ಒಂದು. ಈ ಸಾಧನೆಯನ್ನು ಕಂಡ ಮದರಾಸು ಸರ್ಕಾರ 1856ರಲ್ಲಿ ಅವರನ್ನು ಸರ್ಕಾರಿ ಛಾಯಾಚಿತ್ರಗಾರರನ್ನಾಗಿ ನೇಮಿಸಿತು.

1857ರ ಡಿಸೆಂಬರಿನಲ್ಲಿ ಟ್ರೈಪ್ ಬೆಂಗಳೂರಿನಿಂದ ದಕ್ಷಿಣಕ್ಕೆ ಪ್ರಯಾಣ ಹೊರಟರು. ದಕ್ಷಿಣ ಭಾರತದ ಮೊದಲ ರೈಲು ಅದರ ಹಿಂದಿನ ವರ್ಷವಷ್ಟೇ ಮದರಾಸಿನ ರಾಯಪುರದಿಂದ ಆರ್ಕಾಟಿನ ಕಡೆಗೆ ಓಡಿತ್ತು. ಬೆಂಗಳೂರಿಗೆ ರೈಲು ಬಂದದ್ದು 1864ರಲ್ಲಿ. ಆದ್ದರಿಂದ ಭಾರವಾದ ಕ್ಯಾಮರಾ, ಕಾಗದ, ರಸಾಯನದ ಸೀಸೆಗಳು ಎಲ್ಲವೂ ಎತ್ತಿನ ಗಾಡಿಗಳ ಮೇಲೆಯೇ ಸಾಗಬೇಕಾಗಿತ್ತು. ಹೀಗೆ ಬಂದ ಅವರು ರಾಯಕೋಟೆಯ ಬೆಟ್ಟವನ್ನೂ ಕೋಟೆಯನ್ನೂ ಚಿತ್ರಿಸಿದರು.

ಅಂದಿನ ಚಿತ್ರ ಇಂದಿನಂತೆ ಕ್ಷಣದಲ್ಲಿ ಮುಗಿಯುತ್ತಿರಲಿಲ್ಲ. ಕಾಗದಕ್ಕೆ ಮೇಣ ಹಿಡಿಸಿ, ಬೆಳ್ಳಿಯ ಲವಣದ ದ್ರಾವಣದಲ್ಲಿ ಅದ್ದಿ, ಕತ್ತಲೆಯಲ್ಲಿ ಒಣಗಿಸಬೇಕು. ಅನಂತರ ಅದನ್ನು ಕ್ಯಾಮರಾದಲ್ಲಿಟ್ಟು ನಿಮಿಷಗಟ್ಟಲೆ ಬೆಳಕಿಗೆ ಒಡ್ಡಬೇಕು. ಅಷ್ಟು ಹೊತ್ತಿನಲ್ಲಿ ನಡೆದಾಡುವ ಜನರೂ ದನಕರುಗಳೂ ಚಿತ್ರದಲ್ಲಿ ಮೂಡುತ್ತಿರಲಿಲ್ಲ. ಅದರಿಂದಲೇ ಅವರ ಚಿತ್ರಗಳಲ್ಲಿ ಬೀದಿಗಳು ಬರಿದಾಗಿ ಕಾಣುತ್ತವೆ. ಕಲ್ಲು ಮಾತ್ರ ಸ್ಪಷ್ಟವಾಗಿ ನಿಲ್ಲುತ್ತದೆ. ಆಕಾಶ ಸರಿಯಾಗಿ ಮೂಡದಿದ್ದರೆ ಮೂಲಪ್ರತಿಯ ಮೇಲೆ ಬಣ್ಣ ಹಚ್ಚಿ ಮೋಡಗಳನ್ನು ಬರೆಯುತ್ತಿದ್ದರು.

ಮುಂದೆ ಶ್ರೀರಂಗ, ತಿರುಚಿರಾಪಳ್ಳಿ, ತಂಜಾವೂರು, ಮಧುರೆಗಳಲ್ಲಿ ಅವರು ದುಡಿದರು. ಮಧುರೆಯಲ್ಲಿ ವೈಗೈ ನದಿಗೆ ಅಡ್ಡಲಾಗಿ ಕಟ್ಟಿದ್ದ ಹಾದಿಯನ್ನೂ ಚಿತ್ರಿಸಿದರು. ತಂಜಾವೂರಿನ ಬೃಹದೀಶ್ವರ ದೇವಾಲಯದ ಅಡಿಪಾಯದ ಮೇಲಿನ ಶಾಸನವನ್ನು 21 ತುಂಡುಗಳಾಗಿ ತೆಗೆದು, ಸುಮಾರು 19 ಅಡಿ ಉದ್ದದ ಒಂದೇ ಚಿತ್ರವಾಗಿ ಜೋಡಿಸಿದರು. ರಾಯಕೋಟೆ ಮತ್ತು ಸೇಲಂ ಜಿಲ್ಲೆಯ ಚಿತ್ರಗಳ ಸಂಪುಟ 1858ರಲ್ಲಿ ಹೊರಬಂದಿತು.

ಇಷ್ಟರಲ್ಲಿಯೇ ವಿಘ್ನ ಬಂದೊದಗಿತು. 1859ರಲ್ಲಿ ಮದರಾಸಿನ ಗವರ್ನರಾಗಿ ಬಂದ ಚಾರ್ಲ್ಸ್ ಟ್ರೆವೆಲ್ಯನ್, ಬೊಕ್ಕಸದ ಸ್ಥಿತಿ ನೋಡಿ, ಈ ಕೆಲಸವನ್ನು ದುಬಾರಿ ಐಷಾರಾಮವೆಂದು ಎಣಿಸಿ ನಿಲ್ಲಿಸಿದರು. ದಂಗೆಯ ಅನಂತರ ಸರ್ಕಾರ ಖರ್ಚಿನಲ್ಲಿ ಬಿಗಿ ಹಿಡಿದಿದ್ದ ಕಾಲವದು. ಟ್ರೈಪ್ ಸೈನ್ಯದ ಕೆಲಸಕ್ಕೆ ಹಿಂದಿರುಗಿದರು. ಅದರ ಮೇಲೆ ಅವರು ಕ್ಯಾಮರಾ ಹಿಡಿದದ್ದು ಅತಿ ವಿರಳ. ಛಾಯಾಚಿತ್ರಗಾರರಾಗಿ ಅವರ ದುಡಿಮೆ ಹತ್ತು ವರ್ಷವೂ ತುಂಬಲಿಲ್ಲ. 1902ರ ಮಾರ್ಚ್ 2ರಂದು ಹುಟ್ಟೂರಿನಲ್ಲಿಯೇ ಅವರು ತೀರಿಕೊಂಡರು.

ಆದರೆ ಕೆಲಸ ಸಾಯಲಿಲ್ಲ. 2014 ಮತ್ತು 2015ರಲ್ಲಿ ವಾಷಿಂಗ್ಟನ್, ನ್ಯೂಯಾರ್ಕ್, ಲಂಡನ್ ನಗರಗಳ ದೊಡ್ಡ ವಸ್ತುಸಂಗ್ರಹಾಲಯಗಳು ಅವರ ಚಿತ್ರಗಳ ಪ್ರದರ್ಶನವನ್ನು ಏರ್ಪಡಿಸಿದವು. ಕಂಪನಿ ತನ್ನ ಆಡಳಿತದ ಅನುಕೂಲಕ್ಕಾಗಿ ತೆಗೆಸಿದ ಚಿತ್ರಗಳು ಇಂದು ನಮ್ಮ ನಾಡಿನ ಚರಿತ್ರೆಗೆ ಸಾಕ್ಷಿಯಾಗಿವೆ. ಆ ಬಳಿಕ ಬಿದ್ದುಹೋದ, ಬದಲಾದ ಕಲ್ಲುಗಳು ಅಂದು ಹೇಗಿದ್ದುವೆಂಬುದನ್ನು ಅವು ತೋರಿಸಬಲ್ಲವು.

ವಿದ್ಯಾರ್ಥಿಗಳೇ, ಇಂದು ರಾಯಕೋಟೆಯಲ್ಲಿ ರೈಲು ನಿಲ್ಲುತ್ತದೆ. ಟ್ರೈಪ್ ಅವರು ಕಾಣದಿದ್ದ ಆ ಹಳಿಗಳೂ ಸೇತುವೆಗಳೂ ಮುಂದೊಂದು ದಿನ ಚರಿತ್ರೆಯೇ ಆಗುವುವು. ನಮ್ಮ ಊರುಗಳ ವೀರಗಲ್ಲು, ಹಳೆಯ ಬಾವಿ, ಕೆರೆಯ ತೂಬು ಇವು ಕಣ್ಣೆದುರೇ ಮರೆಯಾಗುತ್ತಿವೆ. ಟ್ರೈಪ್ ಅವರಿಗೆ ಗಾಡಿಗಟ್ಟಲೆ ಸಾಮಾನು ಬೇಕಾಗಿತ್ತು. ನಿಮಗೆ ಮನೆಯವರ ಕೈಯಲ್ಲಿರುವ ಫೋನೇ ಸಾಕು. ಚಿತ್ರ ತೆಗೆದು, ಸ್ಥಳವನ್ನೂ ದಿನಾಂಕವನ್ನೂ ಬರೆದು, ಹಿರಿಯರು ಹೇಳುವ ಸಂಗತಿಯನ್ನು ಅದರ ಜೊತೆಗೆ ಸೇರಿಸಿಡಿ. ತಂದೆತಾಯಿಗಳೂ ಈ ಕೆಲಸದಲ್ಲಿ ಮಕ್ಕಳಿಗೆ ನೆರವಾಗಲಿ. ಅದರ ಬೆಲೆಯನ್ನು ಮುಂದಿನವರು ಕಟ್ಟುವರು.